ಅನುವಿನ ನಲವತ್ತು ಚಿತ್ರಗಳು

ಏನೂ ಇಲ್ಲ ಕಣೇ ಕೋಕಿಲಾ, ಈಗ ನಿಲ್ಲಿಸಿ ಮಾತಾಡಿಸಿದ್ರಲ್ಲ, ಅವರು ನಿನ್ನ ಸೀರೆ ಚೆನ್ನಾಗಿದೆ ಅಂದ್ರು, ಅಷ್ಟೇ. ಈ ಜಪಾನಲ್ಲಿ ಸೀರೆ ಕಂಡ್ರೆ ಎಲ್ಲರೂ ಹಾಗೇ ಅಲ್ವಾ, ನಿಲ್ಲಿಸಿ ಮಾತಾಡಿಸ್ತಾರೆ... ಬಾ, ಹಿಂದೆ ಜನ ಕಾಯ್ತಿದಾರೆ. ಸುಮಿಮಾಸೆನ್, ಸುಮಿಮಾಸೆನ್, ಸ್ವಲ್ಪ ದಾರಿ... ಈ ಕಡೆ ಬಾ.

ರುವಾಸ್ ಅನ್ನೋ ಚಿತ್ರಕಾರನ ಚಿತ್ರಗಳು ಫ್ರಾನ್ಸಿಂದ ಬಂದಿವೆ, ಉಎನೋ ಮ್ಯೂಸಿಯಮ್ಮಿಗೆ ಹೋಗೋಣ, ಹೋಗೋಣ ಅಂತ ನೀನೇ ಅಂತಿದ್ದೆ. ಎರಡು ವರ್ಷದಲ್ಲಿ ನೀನು ಬಾಯಿಬಿಟ್ಟು ಕೇಳಿದ್ದು ಇದೊಂದೇ. ನಾನೂ ಟ್ರೇನಲ್ಲಿ ಓದ್ಕೊಂಡೇ ಬಂದೆ, ನೋಡು. ಇವು ಸರ್ಕಸ್ಸಿನ ಪೋಸ್ಟರು, ಹೊಟ್ಟೆಪಾಡಿಗೆ ಬರೆದದ್ದು. ಆ ಚಾಕೊಲೇಟ್ ಡಬ್ಬಿ ಮೇಲಿನ ಬೆಕ್ಕೂ ಅವನದೇ. ಹ್ಯಾಟ್ ಹಾಕಿದ ಹೆಂಗಸರು ಪತ್ರಿಕೆಗೆ. ಈ ಬಂದರು, ದೋಣಿ, ಮೀನು ಮಾರೋರು... ಇವನ್ನ ಮಾತ್ರ ತನಗೋಸ್ಕರ ಬರೆದನಂತೆ. ಎಲ್ಲಾ ಒಂದೇ ಕೈ ಅಂದ್ರೆ ನಂಬೋಕಾಗಲ್ಲ ಅಲ್ವಾ? ಮಕ್ಕಳ ಭೂಗೋಳದ ಪುಸ್ತಕಕ್ಕೂ...

ಯಾಕೆ ನಿಂತೆ? ಮತ್ತೆ ಅದೇ, ಅವರು ಏನಂದ್ರು ಅಂತ. ಹೇಳಿದ್ನಲ್ಲ, ಸೀರೆ ಅಂತ. ...ಹೌದು, 'ಜನ್ನೆನ್' ಅಂತಲೂ ಅಂದ್ರು. ಅಯ್ಯೋ ಪಾಪ, ಹೀಗಾಗ್ಬಾರದಿತ್ತು ಅಂತ. ನೀನು ವಾರ್ಡ್ ಆಫೀಸಿನ ಜಪಾನಿ ಕ್ಲಾಸಿಗೆ ಹೋಗ್ತಿದೀಯ ಅನ್ನೋದೇ ನಂಗೆ ಮರೆತುಹೋಗುತ್ತೆ.

ಈ ಕೋಣೆ ಬೇಡ. ಬೇಡ ಅಂದ್ನಲ್ಲ... ಇವು ಅವನ ಮಗ ತೀರಿಹೋದ ಮೇಲೆ ಬರೆದದ್ದು. ಎಲ್ಲದರಲ್ಲೂ ಅದೇ ಹುಡುಗ. ಶೂ ಲೇಸ್ ಕಟ್ಕೊಳ್ತಾ ಕೂತಿದಾನೆ, ಇಲ್ಲಿ ಸೂಪ್ ಬೇಡ ಅಂತ ಮುಖ ತಿರುಗಿಸಿದಾನೆ. ಇವನ್ನೆಲ್ಲ ಸೇರಿಸಿ ಪುಸ್ತಕ ಮಾಡಿಸಿದನಂತೆ. ಊರ ಮಕ್ಕಳೆಲ್ಲ ಓದಿದರಂತೆ.

ಚಿತ್ರ ಬಿಟ್ಟು ನನ್ನನ್ನೇ ನೋಡ್ತಿದೀಯಲ್ಲ ಕೋಕಿಲಾ. ಬೈದುಬಿಡು.

ನಿಂಗೆ ಎಲ್ಲಾ ಅರ್ಥ ಆಗಿದೆ. ಅವರು ಮೋರಿ ಸಾನ್. ನೀನು ಚಿತ್ರ ಕಳಿಸಿದ್ಯಲ್ಲ, ಆ ಮಕ್ಕಳ ಪುಸ್ತಕದ ಕಂಪನಿಯವರು. ಜೊತೆಗಿಟ್ಟ ನಿನ್ನ ಫೋಟೋ ನೆನಪಿಟ್ಕೊಂಡು ನಿನ್ನ ಗುರುತು ಹಿಡಿದ್ರು.

ಅನು ಹೋಗಿ ಆರು ತಿಂಗಳು ಆಗಿತ್ತು. ಊಟ ನಿದ್ದೆ ಬಿಟ್ಟು ನಲವತ್ತು ಚಿತ್ರ ಬರೆದೆ ನೀನು. ಹಳದಿ ಟೋಪಿ ಹಾಕ್ಕೊಂಡು ನರ್ಸರಿಗೆ ಹೊರಟ ಅನು, ಸೈಕಲ್ ಹಿಂದೆ ನಿದ್ದೆ ಹೋದ ಅನು, ದೋಸೆಗೆ ಬೆರಳಲ್ಲಿ ತೂತು ಮಾಡಿ ಅದರೊಳಗಿಂದ ನನ್ನ ನೋಡೋ ಅನು. ಅವರ ಕಾಗದ ಬಂತು, ಜಪಾನಿಯಲ್ಲಿ. ಓದಿ ಹೇಳಿ ಅಂತ ನನ್ನ ಕೈಗೆ ಕೊಟ್ಟೆ. ಅದರಲ್ಲಿದ್ದದ್ದು, ಪುಸ್ತಕ ಮಾಡ್ತೀವಿ ಅಂತ.

ನಾನು... ನನ್ನ ಮಗಳು ಅಂಗಡಿ ಅಂಗಡೀಲಿ ಕೂತಿರೋದು, ಯಾರದ್ದೋ ಮಕ್ಕಳು ಅವಳನ್ನ ತಿರುವಿ ಹಾಕೋದು, ಆ ಮಕ್ಕಳೆಲ್ಲ ದೊಡ್ಡವರಾಗೋದು... ನಂಗೆ ಆಗ್ಲಿಲ್ಲ ಕಣೇ. ನಿನ್ನ ಹೆಸರಲ್ಲಿ ನಾನೇ ಬೇಡ ಅಂತ ಬರೆದೆ. ನಿಂಗೆ ಅವರೇ ಬೇಡ ಅಂದ್ರು ಅಂತ ಹೇಳಿದೆ. ಚಿತ್ರಗಳು ವಾಪಸ್ ಬಂದ್ವು, ಅದಕ್ಕೇ ಮೋರಿ ಸಾನ್ ಇವತ್ತು 'ಜನ್ನೆನ್' ಅಂದದ್ದು. ಅವತ್ತಿಂದ ನೀನು ಬ್ರಷ್ ಮುಟ್ಟಲಿಲ್ಲ. ದಿನಾ ನೋಡ್ತಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂದ್ಕೊಂಡು ಎರಡು ವರ್ಷ...

ಕಾಗದ ಓದಿದ ದಿನ ನೀನು ಒಂದೇ ಮಾತು ಕೇಳಿದ್ದೆ. 'ಅವರಿಗೆ ನಮ್ಮ ಅನು ಇಷ್ಟ ಆಗ್ಲಿಲ್ವಾ?' ಅಂತ. ನಾನು ಇಲ್ಲ ಅಂದೆ.

ಇಷ್ಟ ಆಗಿದ್ಲು ಕೋಕಿಲಾ. ಅವರಿಗೆ ತುಂಬಾ ಇಷ್ಟ ಆಗಿದ್ಲು.