ಬೆಸ ಆಟ ನನಗೆ, ಸಮ ಆಟ ನಿನಗೆ

ಮಿಲ್ವಾಕಿಯಲ್ಲಿ ಏಪ್ರಿಲ್ ಚಳಿಗೂ ಐಸ್‌ಕ್ರೀಮ್ ಅಂಗಡಿಯ ಕ್ಯೂ ಕರಗುವುದಿಲ್ಲ. ನನ್ನ ಮುಂದೆ ಅರವತ್ತು ದಾಟಿದ ಅಕ್ಕ-ತಮ್ಮ ನಿಂತಿದ್ದರು. ತೀರಿಹೋದ ಅಪ್ಪ ಬಿಟ್ಟುಹೋದದ್ದು ಬಾಸ್ಕೆಟ್‌ಬಾಲ್ ಅಂಗಳದಲ್ಲಿ ವರ್ಷವಿಡೀ ಕಾಯ್ದಿರಿಸಿದ ಒಂದೇ ಸೀಟು. ಸೀಸನ್ ಮುಗಿದ ಮೇಲಿನ ಪ್ಲೇಆಫ್‌ಗೆ, ಅಂದರೆ ಎರಡು ಟೀಮು ತಂತಮ್ಮ ಊರುಗಳಲ್ಲಿ ಆಡುವ ಏಳು ಆಟಗಳ ಸರಣಿಗೆ, ಅದನ್ನು ಹಂಚಿಕೊಳ್ಳುತ್ತಿದ್ದರು.

“ಬೆಸ ಆಟ ನನಗೆ, ಸಮ ಆಟ ನಿನಗೆ. ಇನ್ನೇನು ನ್ಯಾಯ ಬೇಕು ಲೈಲ್?”

“ತಾಳು ಅಕ್ಕ. ಏಳು ಆಟದಲ್ಲಿ ಇಲ್ಲಿ ನಡೆಯೋದು ಯಾವ್ಯಾವುದು?”

“ಯಾರಿಗ್ಗೊತ್ತು? ಸೀಸನ್‌ನಲ್ಲಿ ಎರಡು ಟೀಮೂ ಗೆದ್ದಿರೋದು ಸಮಸಮ.”

“ಸಮ ಆದ್ರೆ, ಅವೆರಡೂ ಎದುರಾಬದುರಾ ಆಡಿದಾಗ ಯಾರು ಜಾಸ್ತಿ ಗೆದ್ದಿದ್ರು ಅಂತ ನೋಡ್ತಾರೆ. ಏಳರಲ್ಲಿ ನಾಲ್ಕು ಆಟ ಅವರ ಊರಲ್ಲೇ. ನಾಲ್ಕರಲ್ಲಿ ಮೂರು ಸಲ ನಾವೇ ಬಡಿದಿದ್ದೀವಿ.”

“ಹೌದಾ?”

“ಹೌದಾ ಅಂತೆ! ಇಲ್ಲಿ ಗೆದ್ದಾಗ ಆ ಸೀಟಲ್ಲಿ ಕೂತಿದ್ದೋಳು ನೀನೇ. ಅಂದ್ರೆ ಒಂದು, ಎರಡು, ಐದು, ಏಳನೇ ಆಟ ಇಲ್ಲೇ. ನಿನಗೆ ಮೂರು, ನನಗೆ ಒಂದು.”

“ಅಯ್ಯೋ, ನಾನೆಲ್ಲಿ ಅಷ್ಟೆಲ್ಲ ಯೋಚಿಸ್ದೆ?”

“ಹುಟ್ಟಿದಾಗಿಂದ ನೋಡ್ತಿದ್ದೀನಿ ನಿನ್ನ.”

“ಸರಿ ಮಾರಾಯ, ಏಳನೇದು ನೀನೇ ಇಟ್ಕೊ.”

ತಮ್ಮ ಕಣ್ಣು ಕಿರಿದು ಮಾಡಿದ.

“ಇಷ್ಟು ಸಲೀಸಾಗಿ ಕೊಡ್ತೀಯಾ? ನಮ್ಮ ಟೀಮಲ್ಲಿ ಯಾರ ಮೊಣಕಾಲು ಕೆಟ್ಟಿದೆ?”

“ಯಾರದ್ದೂ ಇಲ್ಲ.”

“ಮತ್ತೆ? ಯಾರಾದ್ರೂ ನಾಲ್ಕು ಗೆದ್ರೆ ಸರಣಿ ಅಲ್ಲಿಗೇ ಮುಗೀತು. ಏಳನೇ ಆಟ ನಡೆಯೋದೇ ಇಲ್ಲ ಅಂತ ತಾನೇ ಕೊಡ್ತಿರೋದು?”

ಅಂಗಡಿಯ ಕಿಟಕಿಯಿಂದ ಎರಡು ಕಪ್ ಐಸ್‌ಕ್ರೀಮ್ ಬಂದವು. ಅಕ್ಕ ಒಂದನ್ನು ಅವನತ್ತ ಚಾಚಿದಳು. ಅವನು ಅದನ್ನು ಬಿಟ್ಟು, ಅವಳು ತನಗೆಂದು ಇಟ್ಟುಕೊಂಡಿದ್ದನ್ನೇ ಕಸಿದುಕೊಂಡು ಕಾರಿನತ್ತ ನಡೆದ.

ಎರಡರಲ್ಲೂ ಇದ್ದದ್ದು ವೆನಿಲಾ.