ಕೂರಿಸುವ ಸ್ವರ

ಅಯ್ಯೋ, ಕಾಲು ಹಿಂದಕ್ಕೆ ಎಳ್ಕೋಬೇಡ ಅಣ್ಣಾ! ನೀರು ಅಷ್ಟೇನೂ ಸುಡಲ್ಲ, ನಾನೇ ಕೈ ಅದ್ದಿ ನೋಡಿದ್ದೀನಿ. ಹಿಡಿ ತುಂಬ ಉಪ್ಪು ಹಾಕಿದ್ದೀನಿ, ಊತ ಎಳೆಯುತ್ತೆ. ಹಾಂ... ಹಾಗೆ. ನಿಧಾನಕ್ಕೆ ಇಳಿಸು. ನೋಡು, ಈಗ ಮುಖಕ್ಕೆ ಸ್ವಲ್ಪ ಕಳೆ ಬಂತು. ಬಂದಾಗ ಹೇಗಿದ್ದೆ ಗೊತ್ತಾ? ಬಾಗಿಲಲ್ಲಿ ನಿಂತು, ಹೊಸ ಶೂಗಳನ್ನ ಕೈಯಲ್ಲಿ ಹಿಡ್ಕೊಂಡು, ಬರೀ ಕಾಲುಚೀಲದಲ್ಲಿ... ಪಕ್ಕದ ಮನೆಯವರು ನೋಡಿದ್ರೆ ಏನಂದ್ಕೋಬೇಕು? ಅಷ್ಟು ದೊಡ್ಡ ಲಾಂಡ್ರಿ ಯಜಮಾನ, ಚರ್ಚಿನಿಂದ ತಂಗಿ ಮನೆವರೆಗೂ ಶೂ ಹಾಕ್ಕೊಳ್ಳದೆ ಬಂದಿದ್ದಾನೆ ಅಂತ ನಾಲ್ಕು ದಿನ ಆಡ್ಕೋತಾರೆ.

ನಗ್ತಾ ಇಲ್ಲ. ಎಲ್ಲಿ ನಕ್ಕೆ? ನನ್ನ ಮುಖ ಇರೋದೇ ಹೀಗೆ.

ಸರಿ, ಕೇಳ್ತಿದ್ದೀಯಲ್ಲ, ಹೇಳ್ತೀನಿ. ಆರ್ಗನ್ ಕೈ ಕೊಡ್ತು. ಅಷ್ಟೇ ವಿಷಯ. ಸುವಾರ್ತೆ ಓದುವಾಗ ಸಭೆ ಎದ್ದು ನಿಲ್ಲುತ್ತೆ, ಓದಿ ಮುಗಿದ ಮೇಲೆ ನಾನು ಎಡಗೈಯಲ್ಲಿ ಆ ಮೂರು ತಗ್ಗಿನ ಸ್ವರ ಒತ್ತಿದ್ರೆ ಎಲ್ಲರೂ ಕೂರ್ತಾರೆ. ಬೇರೆ ಚರ್ಚುಗಳಲ್ಲಿ ಪಾದ್ರಿಗಳೇ 'ಕುಳಿತುಕೊಳ್ಳಿ' ಅಂತ ಬಾಯಿಬಿಟ್ಟು ಹೇಳ್ತಾರಂತೆ, ನಮ್ಮಲ್ಲಿ ತಾತನ ಕಾಲದಿಂದಲೂ ಆರ್ಗನ್ನೇ ಹೇಳ್ಬೇಕು. ಇವತ್ತೂ ಒತ್ತಿದೆ. ಅದು ನುಡೀಲಿಲ್ಲ, ಪಾದ್ರಿಗಳ ಪ್ರಸಂಗ ಮುಗಿಯೋವರೆಗೂ ಎಲ್ಲರೂ ನಿಂತೇ ಇರ್ಬೇಕಾಯ್ತು. ನಾನೇನು ಮಾಡ್ಲಿ? ಹಳೇ ಯಂತ್ರ...

ಏನು? ಪ್ರಸಂಗ ಮುಗಿದ ಮೇಲೆ ಕೀರ್ತನೆಗೆ ಹೇಗೆ ನುಡೀತು ಅಂತಾನಾ?

ಅದು... ಕೀರ್ತನೆಯ ಸ್ವರಗಳೇ ಬೇರೆ ಅಣ್ಣಾ. ಅವು ಮೇಲಿನವು. ಕೆಳಗಿನವು ಮಾತ್ರ ಹಿಡ್ಕೊಂಡಿದ್ವು. ಗಾಳಿ ಸ್ವಲ್ಪ ತಣ್ಣಗಾದ್ರೆ ಸಾಕು, ಕೆಳಗಿನವು ಮೊದಲು ಹಿಡ್ಕೊಳ್ಳೋದು. ಸಂಗೀತ ಗೊತ್ತಿರೋರನ್ನ ಯಾರನ್ನಾದ್ರೂ ಕೇಳು.

ಕೀರ್ತನೆಯಲ್ಲೂ ಕೆಳಗಿನ ಸ್ವರ ಬರುತ್ತಾ? ಓಹೋ, ಇಷ್ಟು ವರ್ಷ ಮುಂದಿನ ಬೆಂಚಲ್ಲಿ ತೂಕಡಿಸ್ತಾ ಕೂತವನಿಗೆ ಇವತ್ತು ಸ್ವರಜ್ಞಾನ ಬಂದುಬಿಡ್ತು. ಸರಿ, ಆರ್ಗನ್ನಿನದೇನೂ ತಪ್ಪಿಲ್ಲ ಅಂತಾನೇ ಇಟ್ಕೋ. ನನ್ನ ಬೆರಳು ಜೋಮು ಹಿಡಿದಿತ್ತು. ವಯಸ್ಸಾಯ್ತಲ್ಲ ನನಗೂ. ಬೇಡ ಅಂದ್ರೆ ಪ್ರಾರ್ಥನೆಯಲ್ಲಿ ಮೈಮರೆತಿದ್ದೆ ಅಂತ ಇಟ್ಕೋ. ಮೂರರಲ್ಲಿ ಯಾವುದು ಬೇಕೋ ಆರಿಸ್ಕೋ, ನನ್ನದೇನೂ ತಕರಾರಿಲ್ಲ.

ಆದ್ರೆ ನಾನೂ ಒಂದು ಮಾತು ಕೇಳ್ತೀನಿ. ನೀನು ಯಾಕೆ ಕೂರಲಿಲ್ಲ?

ಅಲ್ಲ, ಬೆಂಚು ನಿನ್ನ ಮೊಣಕಾಲಿನ ಹಿಂದೆಯೇ ಇತ್ತು. ಯಾರೂ ಹೊತ್ಕೊಂಡು ಹೋಗಿರಲಿಲ್ಲ. ನೀನೊಬ್ಬ ಕೂತಿದ್ರೆ ಹಿಂದಿನವರೆಲ್ಲ ಧೊಪ್ ಅಂತ ಕೂತ್ಬಿಡ್ತಿದ್ರು. ಎಲ್ಲರೂ ನಿನ್ನ ಬೆನ್ನನ್ನೇ ನೋಡ್ತಿದ್ರು ಪಾಪ. ಆ ಹಲ್ಲಿನ ಡಾಕ್ಟರು ಕಂಬಕ್ಕೆ ಒರಗಿಬಿಟ್ಟಿದ್ರು, ಅವರ ಹೆಂಡತಿ ಅವರ ಹೆಗಲಿಗೆ ಒರಗಿದ್ರು, ಕಂಬ ಯಾರಿಗೆ ಒರಗ್ಬೇಕು? ಮತ್ತೆ ನೀನು... ಮೊದಲು ಬಲಗಾಲಿನ ಮೇಲೆ ಭಾರ ಹಾಕ್ದೆ. ಆಮೇಲೆ ಎಡಗಾಲು. ಆಮೇಲೆ ಮತ್ತೆ ಬಲಗಾಲು. ಆಮೇಲೆ ಕೈಲಿದ್ದ ಕೀರ್ತನೆ ಪುಸ್ತಕ ಬೇಕಂತಲೇ ಬೀಳಿಸಿ, ಬಗ್ಗಿ, ಎತ್ಕೊಳ್ಳೋಕೆ ಎಷ್ಟು ಹೊತ್ತು ತಗೊಂಡೆ!

ಬೆನ್ನು ತಿರುಗಿಸಿ ಕೂತವಳಿಗೆ ಹೇಗೆ ಕಾಣ್ತು ಅಂದ್ರೆ... ಆರ್ಗನ್ ಮೇಲೆ ಪುಟ್ಟ ಕನ್ನಡಿ ಇದೆಯಲ್ಲ. ಪಾದ್ರಿಗಳು ಕಾಣಲಿ ಅಂತ ಇಟ್ಟಿರೋದು. ಸ್ವಲ್ಪ ಓರೆ ಮಾಡಿದ್ರೆ ಮುಂದಿನ ಬೆಂಚೂ ಕಾಣುತ್ತೆ. ಓರೆ ಮಾಡಿದ್ದೆ ಅಂತ ಅಲ್ಲ. ಓರೆಯಾಗಿತ್ತು.

ಎಲ್ಲರೂ ನಿಂತಿರುವಾಗ, ಎಲ್ಲರೂ ನೋಡ್ತಿರುವಾಗ, ತಾನೊಬ್ಬನೇ ಹೇಗೆ ಕೂರೋದು ಅಂತೀಯಾ? ಅದು ಸರಿ. ಅದನ್ನ ಒಪ್ಕೋತೀನಿ. ಗುಬ್ಬೀನೂ ಇದೇ ಮಾತು ಹೇಳಿದ್ದಳು ನನಗೆ. ಅದೇ ಕಣೋ ಅಣ್ಣಾ, ನಮ್ಮ ಹಾಡಿನ ತಂಡದ ಹುಡುಗಿ, ನಿನ್ನ ಇಸ್ತ್ರಿ ಕೋಣೆಯಲ್ಲಿ ಕೆಲಸ ಮಾಡೋಳು. ತುಂಬಿದ ಬಸುರಿ. ಹೋದ ತಿಂಗಳು ಇಸ್ತ್ರಿಪೆಟ್ಟಿಗೆ ಕೈಲಿ ಹಿಡ್ಕೊಂಡೇ ತಲೆ ಸುತ್ತಿ ಬಿದ್ದು ಮುಂಗೈ ಸುಟ್ಕೊಂಡಳಲ್ಲ, ಅವಳು. 'ಒಂದು ಘಳಿಗೆ ನೆಲದ ಮೇಲಾದ್ರೂ ಕೂರಬಾರದಿತ್ತೇನೇ' ಅಂತ ಬೈದೆ. 'ಎಲ್ಲರೂ ನಿಂತಿರುವಾಗ ನಾನೊಬ್ಬಳೇ ಹೇಗಮ್ಮಾ ಕೂರಲಿ, ಮೇಸ್ತ್ರಿ ನೋಡ್ತಾ ಇರ್ತಾರೆ' ಅಂದಳು. ನಿಮ್ಮಿಬ್ಬರದೂ ಒಂದೇ ಉತ್ತರ, ನೋಡು.

ಕೋಪ ಮಾಡ್ಕೋಬೇಡ, ನೀರು ಚೆಲ್ಲುತ್ತೆ.

ಸ್ತ್ರೀಯರ ಕೂಟದವರು? ಅವರಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಅವರಿಗೆ ಗೊತ್ತೇ ಇರಲಿಲ್ಲ... ಕ್ಯಾನ್ವಾಸ್ ಶೂ? ಯಾರು ಹಾಕ್ಕೊಂಡಿದ್ರು? ಎಲ್ಲರೂನಾ? ಛೆ, ನೀನು ದೇವರ ಕಡೆ ನೋಡೋದು ಬಿಟ್ಟು ಹೆಂಗಸರ ಕಾಲು ನೋಡ್ತಿದ್ಯಾ? ಯಾವುದೋ ಅಂಗಡೀಲಿ ಅಗ್ಗಕ್ಕೆ ಹಾಕಿರಬೇಕು, ಒಟ್ಟಿಗೆ ಹೋಗಿ ತಗೊಂಡಿರ್ತಾರೆ. ಹೆಂಗಸರು ಹಾಗೇ ಅಲ್ವಾ.

ಅಜ್ಜಿಯರನ್ನ, ಗುಬ್ಬೀನ, ಮಂಡಿ ನೋವಿನವರನ್ನ ಆರಾಧನೆ ಶುರುವಾಗೋ ಮೊದಲೇ ಪಕ್ಕದ ಕೋಣೆಗೆ ಕರ್ಕೊಂಡು ಹೋಗಿ ದಿಂಬು ಕೊಟ್ಟು ಕೂರಿಸಿದ್ದು... ಅದು ನಿನಗೆ ಯಾರು ಹೇಳಿದ್ದು? ಅತ್ತಿಗೆನಾ? ಅತ್ತಿಗೆ ಬಾಯಿಗೆ ಬೀಗ ಇಲ್ಲ. ಅಲ್ಲಿ... ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಅಂತ ಕೂರಿಸಿದ್ದು.

ಪಾದ್ರಿಗಳನ್ನ ಮಾತ್ರ ಇದಕ್ಕೆ ಎಳೀಬೇಡ. ಅವರಿಗೆ ನಾನೊಂದು ಮಾತೂ ಹೇಳಿರಲಿಲ್ಲ, ಆಣೆ ಇಟ್ಟು ಹೇಳ್ತೀನಿ. ಸುವಾರ್ತೆ ಓದಿ ಮುಗಿಸಿದ್ರು, ಸ್ವರಕ್ಕೆ ಕಾದರು. ಕನ್ನಡೀಲಿ ನನ್ನ ಕಣ್ಣು ಅವರ ಕಣ್ಣು ಸೇರ್ತು. ನಾನು ಎರಡೂ ಕೈಯನ್ನ ತೊಡೆ ಮೇಲೆ ಇಟ್ಕೊಂಡೆ. ಅವರು ಒಂದ್ಸಲ ನಿನ್ನ ಕಡೆ ನೋಡಿದ್ರು, ಒಂದ್ಸಲ ಹಿಂದಿನ ಸಾಲಲ್ಲಿ ನಿಂತಿದ್ದ ನಿನ್ನ ಇಸ್ತ್ರಿ ಹೆಂಗಸರ ಕಡೆ ನೋಡಿದ್ರು. ಬರ್ಕೊಂಡು ಬಂದಿದ್ದ ಪ್ರಸಂಗದ ಕಾಗದವನ್ನ ಮಡಚಿ ಜೇಬಿಗೆ ಹಾಕ್ಕೊಂಡ್ರು. ಕೆಮ್ಮಿ ಗಂಟಲು ಸರಿ ಮಾಡ್ಕೊಂಡ್ರು. ಆಮೇಲೆ ಲೋಕ ಸೃಷ್ಟಿಯಿಂದ ಶುರು ಮಾಡಿದ್ರಲ್ಲ! ಏಳನೇ ದಿನದ ವಿಶ್ರಾಂತಿಗೆ ಬರೋಷ್ಟು ಹೊತ್ತಿಗೆ ಅರ್ಧ ಸಭೆ ಬಾಡಿಹೋಗಿತ್ತು. ಅಂಥ ಪ್ರಸಂಗ ಅವರ ಬಾಯಿಂದ ನಾನು ಕೇಳೇ ಇರಲಿಲ್ಲ.

ಆಯ್ತು. ಆಯ್ತಪ್ಪಾ. ಒತ್ತಲಿಲ್ಲ. ಬೇಕಂತಲೇ ಒತ್ತಲಿಲ್ಲ. ಈಗ ಸಮಾಧಾನನಾ?

ನಾನೇನು ಮಾಡ್ಲಿ ಹೇಳು. ಸ್ತ್ರೀಯರ ಕೂಟದವರು ಕೈಮುಗಿದು ಕೇಳಿದ್ರು. ಚರ್ಚಿನ ಸಮಿತಿ ಕೇಳ್ತು. ಪಾದ್ರಿಗಳು ನಿನ್ನ ಮನೆಗೇ ಬಂದು ಕೇಳಿದ್ರು. ಇಸ್ತ್ರಿ ಮೇಜುಗಳ ಹತ್ತಿರ ಒಂದೊಂದು ಎತ್ತರದ ಸ್ಟೂಲು, ಅಷ್ಟೇ. ಕಾಲರು, ತೋಳು, ಕರವಸ್ತ್ರ, ದಿಂಬಿನ ಚೀಲ, ಇವೆಲ್ಲ ಕೂತ್ಕೊಂಡೇ ಮಾಡ್ಬಹುದು. ದೊಡ್ಡ ಹೊದಿಕೆ ಬಂದಾಗ ಎದ್ದು ನಿಲ್ತಾರೆ. ಅವರೇನು ಸಿಂಹಾಸನ ಕೇಳಿದ್ರಾ? ಸಾಯಂಕಾಲ ಸಮಿತೀಲಿ ಕೊನೇ ಸಲ ಕೇಳ್ತಾರಂತೆ. ನೀನು ಇಲ್ಲ ಅಂದ್ರೆ ಮುಂದಿನ ಭಾನುವಾರದ ಆರಾಧನೆ ನಿನ್ನ ಲಾಂಡ್ರಿ ಗೇಟಿನ ಮುಂದೆ, ರಸ್ತೇಲಿ. ಆರ್ಗನ್ ಹೊರೋಕಾಗಲ್ಲ ಅಂತ ನನಗೆ ಒಂದು ಹಾರ್ಮೋನಿಯಂ ನೋಡಿಟ್ಟಿದ್ದಾರೆ. ನಾನು ನಿನ್ನ ತಂಗಿ, ಬರಲ್ಲ ಅಂತ ಹೇಳ್ಬಹುದಿತ್ತು... ಬರ್ತೀನಿ ಅಂದಿದ್ದೀನಿ.

ಆದ್ರೆ ನೀನು ಏನು ಹೇಳ್ತೀಯ ಅಂತ ಎಲ್ಲರಿಗೂ ಗೊತ್ತು. ಬಾಯಿಪಾಠ ಆಗಿದೆ. ಎದ್ದು ನಿಂತು, ಕೋಟಿನ ಗುಂಡಿ ಹಾಕ್ಕೊಂಡು... ಮಾಡಿ ತೋರಿಸ್ಲಾ? 'ನಾನೇನು ಚಿನ್ನದ ಚಮಚ ಬಾಯಲ್ಲಿಟ್ಕೊಂಡು ಹುಟ್ಟಿದವನಲ್ಲ. ನಮ್ಮಮ್ಮ ಗಂಡ ಸತ್ತ ಮೇಲೆ ಇನ್ನೊಬ್ಬರ ಲಾಂಡ್ರಿ ಕೌಂಟರಲ್ಲಿ ಕೂತು ದುಡಿದು ನಮ್ಮನ್ನ ಸಾಕಿದಳು. ಒಂದು ದಿನ ಗೊಣಗಲಿಲ್ಲ. ಅವಳದು ಕೂರೋ ಕೆಲಸ, ಕೂತಳು. ಇಸ್ತ್ರಿ ನಿಲ್ಲೋ ಕೆಲಸ, ನಿಲ್ಲಬೇಕು. ಯಾರ ಕೆಲಸ ಅವರು ಮಾಡಿದ್ರೆ ಲೋಕ ನಡೆಯುತ್ತೆ.' ಸರಿಯಾಗಿ ಬಂತಾ? ದನಿ ಸ್ವಲ್ಪ ದಪ್ಪ ಆಗ್ಬೇಕಿತ್ತೇನೋ. ಅಮ್ಮನ ಹೆಸರು ಬಂದ ಕೂಡಲೇ ಎಲ್ಲರೂ ತಲೆ ಆಡಿಸ್ತಾರೆ. ನಾನೂ ಆಡಿಸ್ತೀನಿ.

ಬಲಗಾಲು ಎತ್ತು. ಟವೆಲ್ ಮೇಲೆ ಇಡು, ನನ್ನ ತೊಡೆ ಮೇಲೆ. ಸಂಕೋಚ ಯಾಕೆ, ತಂಗಿ ಅಲ್ವಾ. ನೋವಿರೋದು ಇಲ್ಲಿ, ಮೀನಖಂಡದಲ್ಲಿ. ಗಂಟು ಕಟ್ಟಿದೆ. ಆದ್ರೆ ಮೊದಲು ಇಲ್ಲಿ ಒತ್ತಬಾರದು. ಹಿಮ್ಮಡಿಯಿಂದ ಶುರು ಮಾಡಿ ಮೇಲಕ್ಕೆ ತರ್ಬೇಕು, ಇಲ್ಲದಿದ್ರೆ ಮಲಗಿದ ಮೇಲೆ ಸೆಳೆತ ಬಂದು ಕಿರುಚಿಸಿಬಿಡುತ್ತೆ. ಹೆಬ್ಬೆರಳು ಹೀಗೆ, ಅಡ್ಡಕ್ಕೆ... ಹಾಯ್ ಅನ್ಸುತ್ತಾ? ಗುಳಿ ನೋಡು, ಒತ್ತಿದ ಕೂಡಲೇ ತುಂಬ್ಕೊಳ್ತು. ಒಂದೇ ದಿನ ನಿಂತ ಕಾಲಲ್ವಾ. ದಿನಾ ನಿಲ್ಲೋರ ಕಾಲಲ್ಲಿ ಒತ್ತಿದ ಗುಳಿ ಹಾಗೇ ಇರುತ್ತೆ. ಇನ್ನೊಂದು ಕಾಲು ಒತ್ತಿ ಮುಗಿಸಿ ಬಂದ್ರೂ ಇರುತ್ತೆ. ಅದರ ಮೇಲೆ ಬಿಸಿ ಬಟ್ಟೆ ಸುತ್ತಿ...

ಯಾಕೆ ಹಾಗೆ ನೋಡ್ತೀಯಾ?

ಗುಬ್ಬಿ ಕಾಲು. ಗುಬ್ಬಿ ಕಾಲು ನೋಡಿ ಹೇಳ್ದೆ... ಇಲ್ಲ, ಅವಳ ಕಾಲು ಒತ್ತಿಲ್ಲ. ಮುಟ್ಟೋಕೆ ಬಿಡ್ತಾಳಾ ಅವಳು? ಯಾರೋ ಹೇಳಿದ್ರು. ದಾದಿಯೊಬ್ಬಳು ಹೇಳಿದ್ದು. ಅಲ್ಲ, ಓದಿದ್ದು, ಎಲ್ಲೋ... ಅಯ್ಯೋ, ನನ್ನ ಕೈ ಯಾಕೆ ಹಾಗೆ ನೋಡ್ತೀಯಾ ಅಣ್ಣಾ? ಹೌದು, ಆಯುಷ್ಯ ಪೂರ್ತಿ ಕೂತ್ಕೊಂಡು ಮಕ್ಕಳಿಗೆ ಸಂಗೀತ ಹೇಳ್ಕೊಟ್ಟವಳು ನಾನು. ನನ್ನ ಕಾಲು ಯಾವತ್ತೂ ಊದಿಲ್ಲ. ಅದಕ್ಕೇನೀಗ?

ನೀರು ಆರಿಹೋಯ್ತು. ಇನ್ನೊಂದು ಚೊಂಬು ಬಿಸಿ ತರ್ತೀನಿ, ಬಿಡು.

ಕೈ ಬಿಡು ಅಣ್ಣಾ.

ಬೈ. ಬೈದ್ರೆ ತಡ್ಕೋತೀನಿ. ಆಗ ಬಾಗಿಲಲ್ಲಿ ಕೂಗಾಡಿದೆಯಲ್ಲ, ಹಾಗೇ ಕೂಗಾಡು. ಹೀಗೆ ಕೈ ಹಿಡ್ಕೊಂಡ್ರೆ ನನಗೆ ಸುಳ್ಳು ಹೇಳೋಕೆ ಆಗಲ್ಲ, ನಿನಗೆ ಗೊತ್ತು ಅದು...

ಹೌದು. ಅಮ್ಮಂದು.

ಕೌಂಟರಲ್ಲಿ ಅಲ್ಲ. ಹಿಂದಿನ ಕೋಣೇಲಿ, ಇಸ್ತ್ರಿ ಮೇಜಿನ ಮುಂದೆ. ಅಪ್ಪ ಹೋದಾಗಿಂದ ಕೊನೇವರೆಗೂ ನಿಂತ್ಕೊಂಡೇ. ನೀನು ಹಾಸ್ಟೆಲಿನಲ್ಲಿದ್ದೆ. ನಾನು ಸ್ಕೂಲಿಂದ ಬಂದು ನೀರು ಕಾಯಿಸಿಡ್ತಿದ್ದೆ. ಬಂದವಳೇ ಗೋಡೆಗೆ ಒರಗಿ ಕೂತು ಕಾಲು ಚಾಚೋಳು. ಹಿಮ್ಮಡಿಯಿಂದ ಶುರು ಮಾಡು ಅಂತ ಕಲಿಸಿದ್ದು ಅವಳೇ. ನೀನು ರಜೆಗೆ ಬಂದ್ರೆ ದಪ್ಪ ಕಾಲುಚೀಲ ಹಾಕ್ಕೊಂಡು ಓಡಾಡ್ತಿದ್ದಳು, ಬಿರುಬೇಸಿಗೇಲಿ. ಅಮ್ಮನಿಗೆ ಬೇಸಿಗೇಲೂ ಚಳಿ ಅಂತ ನೀನು ನಗ್ತಿದ್ದೆ, ಅವಳೂ ನಗ್ತಿದ್ದಳು. ನಿನ್ನ ಆಫೀಸಿನ ಗೋಡೆ ಮೇಲಿದೆಯಲ್ಲ, ಕೌಂಟರಿನ ಕುರ್ಚೀಲಿ ಕೂತಿರೋ ಫೋಟೋ... ಆ ಕುರ್ಚಿ ಬೇರೆಯವಳದ್ದು ಅಣ್ಣಾ. ಅವಳು ಊಟಕ್ಕೆ ಹೋದಾಗ ಅಮ್ಮ ಕೂತು ತೆಗೆಸಿದ್ದು. ನಿನಗೆ ಕಳಿಸೋಕೆ ಅಂತಾನೇ. ಫೋಟೋದವನು ಆಯ್ತು ಅಂದ ಕೂಡಲೇ ಎದ್ದು ಒಳಗೆ ಓಡಿದಳು. 'ಅವನಿಗೆ ಹೇಳ್ಬೇಡವೇ, ಓದು ಬಿಟ್ಟು ಬಂದುಬಿಡ್ತಾನೆ' ಅಂದಳು. ಓದು ಮುಗೀತು. ಆಮೇಲೂ ಹೇಳ್ಬೇಡ ಅಂದಳು. ಸಾಯೋವಾಗಲೂ ಅದನ್ನೇ ಅಂದಳು.

ನಿನ್ನನ್ನ ಆಟ ಆಡಿಸೋಣ ಅಂತ ಅಷ್ಟೇ ಇತ್ತು ಇವತ್ತು. ಇದನ್ನ ಹೇಳ್ಬೇಕು ಅಂತ ಇರಲಿಲ್ಲ, ನಿಜವಾಗಲೂ.

ಇನ್ನೊಂದು ಕಾಲು ಕೊಡು.

ಸಾಯಂಕಾಲ ಸಮಿತೀಲಿ ನಿನ್ನ ಇಷ್ಟ. ಸ್ಟೂಲು ಕೊಡಲ್ಲ ಅನ್ನಬೇಕು ಅನ್ಸಿದ್ರೆ ಅನ್ನು. ಕೆಲಸ ನಿಧಾನ ಆಗುತ್ತೆ ಅನ್ನು, ಜಾಗ ಸಾಲಲ್ಲ ಅನ್ನು, ಬೇರೆ ಏನು ಬೇಕಾದ್ರೂ ಅನ್ನು. ಅಮ್ಮ ಕೂತಿದ್ದಳು ಅಂತ ಮಾತ್ರ ಹೇಳ್ಬೇಡ ಅಣ್ಣಾ. ಅದಕ್ಕೆ ತಲೆ ಆಡಿಸೋಕೆ ಇನ್ನು ನನ್ನ ಕೈಲಿ ಆಗಲ್ಲ.