ಅಣ್ಣನ ಗಾಡಿಯ ಇಂಜಿನ್

ಶಂಕರಪುರಂ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಗಂಡ ಹೆಂಡತಿ ನಿಂತಿದ್ದರು. ನಡುವೆ ಸೊಪ್ಪಿನ ಮೂಟೆ.

“ಬೇರೆ ಇಂಜಿನ್ ಹಾಕ್ಸಿದ್ಮೇಲೂ ಪಿಕಪ್ ಗಾಡಿ ಬಿಟ್ಟು ಬಸ್ಸಲ್ಲಿ ಯಾಕ್ರೀ?”

“ಆ ಇಂಜಿನ್ ಅಣ್ಣನ ಹಳೇ ಗಾಡಿದು ಕಣೇ ಕುಸುಮಾ. ಮೆಕ್ಯಾನಿಕ್ ಗುಜರಿಯಿಂದ ತಂದಿದಾನೆ. ನಂಗೂ ನಿನ್ನೇನೇ ಗೊತ್ತಾಗಿದ್ದು.”

“ಅಯ್ಯೋ! ಗುಜರಿಗೆ ಹಾಕೋಕ್ ಮುಂಚೆ ಭಾವ ಅದನ್ನ ನಿಮಗೇ ಕೊಡ್ತೀನಿ ಅಂದಿದ್ರಲ್ಲ?”

“ಆ ಡಬ್ಬಾ ನಂಗ್ಯಾಕೆ ಅಂತ ಎಲ್ಲರ ಮುಂದೆ ಅಂದ್ಬಿಟ್ಟೆ.”

“ನಾನೂ ನಕ್ಬಿಟ್ಟೆ.”

ಆಕೆ ಬಗ್ಗಿ ಮೂಟೆಯ ಗಂಟು ಬಿಗಿ ಮಾಡಿದಳು.

“ಭಾವಂಗೆ ಗೊತ್ತಾಯ್ತಾ?”

“ನಿನ್ನೆ ಬೆಳಗ್ಗೆ ಎಷ್ಟು ಸಲ ಕೀ ತಿರುಗ್ಸಿದ್ರೂ ಸ್ಟಾರ್ಟ್ ಆಗ್ಲಿಲ್ಲ. ಆ ಸದ್ದು ಕೇಳಿ ಪಕ್ಕದ ಮನೆಯಿಂದ ಬಂದ, ಬಾಯಲ್ಲಿ ಬ್ರಷ್ ಹಂಗೇ ಇತ್ತು.”

“ಬೈದ್ರಾ?”

“ಬೈದಿದ್ರೆ ಚೆನ್ನಾಗಿರ್ತಿತ್ತು. ಬಾನೆಟ್ ಮೇಲೆ ಕೈ ಇಟ್ಟ. ‘ಕೀ ಅರ್ಧ ತಿರುಗ್ಸಿ ಸ್ವಲ್ಪ ತಡಿ, ಆಮೇಲೆ ಪೂರ್ತಿ ತಿರುಗ್ಸು. ಬೆಳಗಿನ ಹೊತ್ತು ಇದು ಯಾವಾಗ್ಲೂ ಹಿಂಗೇ’ ಅಂದ.”

“ಆಮೇಲೆ?”

“ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಇವತ್ತು ಅವನ ಕಿವಿಗೆ ಬೀಳೋ ಹಂಗೆ ಮತ್ತೆ ಆ ಕೀ ತಿರುಗ್ಸೋಕೆ ಮನಸ್ಸಾಗ್ಲಿಲ್ಲ.”

ಬಸ್ಸು ಬಂತು. ಮೂಟೆಯ ಒಂದು ತುದಿ ಆಕೆ ಹಿಡಿದಳು, ಇನ್ನೊಂದು ಆತ. ಒಬ್ಬರ ಮುಖ ಒಬ್ಬರು ನೋಡದೆ ಹತ್ತಿಕೊಂಡರು.